ಬೇರಿಂಗ್ ಊರಿಗೆ ಬಾಂಬು: 1943ರ ಆಗಸ್ಟ್ 17ರಂದು ಏನಾಯಿತು, ಯಾಕಾಯಿತು

ಮೊದಲು ಎರಡನೇ ಮಹಾಯುದ್ಧದ ಒಂದು ಲೆಕ್ಕ ನೋಡಿ. 1943ರಲ್ಲಿ ಜರ್ಮನಿ ತಯಾರಿಸಿದ ವಿಮಾನಗಳು ಸುಮಾರು 25 ಸಾವಿರ. 1944ರಲ್ಲಿ ಸುಮಾರು 40 ಸಾವಿರ. ಇದೇ ಹೊತ್ತಿನಲ್ಲಿ ಅಮೆರಿಕದವರು ಹಗಲು, ಬ್ರಿಟನ್ನಿನವರು ರಾತ್ರಿ ಜರ್ಮನಿಯ ಮೇಲೆ ಬಾಂಬ್ ಸುರಿಯುತ್ತಿದ್ದರು. ಅದರಲ್ಲೂ ವಿಮಾನ ಕಾರ್ಖಾನೆಗಳನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದರು. ಅಂದರೆ ಬಾಂಬ್ ಬಿದ್ದಷ್ಟೂ ವಿಮಾನ ಜಾಸ್ತಿ ಆಯಿತಾ? ಲೆಕ್ಕ ಹಾಗೇ ಹೇಳುತ್ತದೆ. ಆದರೆ 1944ರ ಜೂನ್ 6ರಂದು ಅಮೆರಿಕ, ಬ್ರಿಟನ್ ಕಡೆಯ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದಾಗ ಜರ್ಮನ್ ವಿಮಾನ ಕಣ್ಣಿಗೆ ಬಿದ್ದದ್ದೇ ಅಪರೂಪ. ಅಷ್ಟೊಂದು ತಯಾರಿಸಿದರೂ ಆಕಾಶ ಖಾಲಿ.

ಇದು ಹೇಗೆ ಅಂತ ಅರ್ಥ ಆಗಬೇಕಾದರೆ ಹತ್ತು ತಿಂಗಳು ಹಿಂದಕ್ಕೆ, 1943ರ ಆಗಸ್ಟ್ 17ಕ್ಕೆ ಹೋಗಬೇಕು. ಆ ದಿನ ಅಮೆರಿಕದ 8ನೇ ವಾಯುಪಡೆ ಇಂಗ್ಲೆಂಡಿನಿಂದ 376 ಬಿ-17 ಬಾಂಬರ್ ವಿಮಾನಗಳನ್ನು ಜರ್ಮನಿಯ ಒಳಗಡೆಗೆ ಕಳಿಸಿತು. ಗುರಿ ಎರಡು ಊರು. ರೇಗನ್ಸ್‌ಬುರ್ಗ್‌ನಲ್ಲಿ ಮೆಸ್ಸರ್‌ಶ್ಮಿಟ್ ಕಂಪನಿಯ ಫೈಟರ್ ವಿಮಾನದ ಕಾರ್ಖಾನೆ. ಶ್ವೈನ್‌ಫುರ್ಟ್‌ನಲ್ಲಿ ಬಾಲ್ ಬೇರಿಂಗ್ ಕಾರ್ಖಾನೆಗಳು. ಸಂಜೆಯ ಹೊತ್ತಿಗೆ ಅದರಲ್ಲಿ 60 ಬಾಂಬರ್ ಕಳೆದುಹೋಗಿದ್ದವು.

ವಿಮಾನ ಕಾರ್ಖಾನೆ ಸರಿ, ಬೇರಿಂಗ್ ಯಾಕೆ? ಅದಕ್ಕೂ ಮುಂಚೆ, ಕಾರ್ಖಾನೆಯೇ ಯಾಕೆ?

ಫ್ರಾನ್ಸಿಗೆ ಸೈನ್ಯ ಇಳಿಸಬೇಕು ಅನ್ನುವ ಯೋಜನೆ ಆಗಲೇ ಇತ್ತು. ತಲೆಯ ಮೇಲೆ ಶತ್ರುವಿನ ಫೈಟರ್ ವಿಮಾನಗಳು ಹಾರಾಡುತ್ತಿದ್ದರೆ ಹಡಗಿನಿಂದ ಸೈನ್ಯ ಇಳಿಸೋಕೆ ಆಗುವುದಿಲ್ಲ. ಹಾಗಾಗಿ ಮೊದಲು ಜರ್ಮನ್ ವಾಯುಪಡೆಯನ್ನು, ಅದರಲ್ಲೂ ಫೈಟರ್‌ಗಳನ್ನು, ಮುಗಿಸಬೇಕು. 1943ರ ಜನವರಿಯಲ್ಲಿ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಮತ್ತು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಕೂತು ಮಾತಾಡಿದಾಗ ಎರಡೂ ದೇಶ ಸೇರಿ ಜರ್ಮನಿಯ ಮೇಲೆ ಬಾಂಬ್ ಹಾಕುವುದು ಅಂತ ತೀರ್ಮಾನ ಆಯಿತು. ಜೂನ್‌ನಲ್ಲಿ ಬಂದ ಆದೇಶದಲ್ಲಿ ಫೈಟರ್ ಕಾರ್ಖಾನೆಗಳಿಗೆ ಮೊದಲ ಸ್ಥಾನ ಕೊಟ್ಟರು. ಅದಕ್ಕೆ ಇಟ್ಟ ಗುಪ್ತ ಹೆಸರು ಪಾಯಿಂಟ್‌ಬ್ಲ್ಯಾಂಕ್. ಹಕ್ಕಿ ಹಾರಿದ ಮೇಲೆ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಗೂಡಿನಲ್ಲೇ ಮೊಟ್ಟೆ ಒಡೆಯುವುದು ಸುಲಭ ಅನ್ನುವ ಲೆಕ್ಕಾಚಾರ.

ಕಾಗದದ ಮೇಲೆ ಇಬ್ಬರೂ ಒಪ್ಪಿದ್ದರು. ಮಾಡುವಾಗ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಬ್ರಿಟನ್ನಿನ ಬಾಂಬರ್ ಪಡೆಯ ಮುಖ್ಯಸ್ಥ ಆರ್ಥರ್ ಹ್ಯಾರಿಸ್‌ಗೆ ರಾತ್ರಿ ಹೊತ್ತು ಇಡೀ ಊರುಗಳ ಮೇಲೆ ಬಾಂಬ್ ಹಾಕುವುದರಲ್ಲೇ ನಂಬಿಕೆ. ಇಂಥ ಒಂದು ಕಾರ್ಖಾನೆ ಹೊಡೆದರೆ ಯುದ್ಧ ಗೆದ್ದಂತೆ ಅಂತ ಯಾರಾದರೂ ಹೇಳಿದರೆ ಆತ 'ಸರ್ವರೋಗಕ್ಕೂ ಒಂದೇ ಮದ್ದು ಮಾರುವವರು' ಅಂತ ಗೇಲಿ ಮಾಡುತ್ತಿದ್ದ. ಅಮೆರಿಕದವರ ನಂಬಿಕೆಯೇ ಅದು. ಹಗಲು ಹೊತ್ತಲ್ಲಿ ಹೋಗಬೇಕು, ಗುರಿ ಕಣ್ಣಿಗೆ ಕಾಣಬೇಕು, ಸರಿಯಾದ ಜಾಗಕ್ಕೆ ಹೊಡೆಯಬೇಕು.

ಈಗ ಬೇರಿಂಗ್ ವಿಷಯ. ಗಾಡಿ ಚಕ್ರ ಕರಕರ ಅಂದಾಗ ಮೆಕ್ಯಾನಿಕ್ 'ಬೇರಿಂಗ್ ಹೋಗಿದೆ ಸಾರ್' ಅಂತಾನಲ್ಲ, ಅದೇ ಬೇರಿಂಗ್. ಎರಡು ಉಕ್ಕಿನ ಬಳೆ, ನಡುವೆ ಸಣ್ಣ ಸಣ್ಣ ಗೋಲಿ. ಒಂದು ಬಳೆ ಇನ್ನೊಂದರ ಒಳಗೆ ಉಜ್ಜದೆ ತಿರುಗುತ್ತದೆ. ತಿರುಗುವ ಯಾವ ಯಂತ್ರಕ್ಕೂ ಇದು ಬೇಕು: ವಿಮಾನದ ಎಂಜಿನ್, ಟ್ಯಾಂಕಿನ ಗೇರು, ಇವನ್ನೆಲ್ಲ ತಯಾರಿಸುವ ಲೇತ್ ಮಷಿನ್ ಕೂಡ. ನೋಡೋಕೆ ಸಣ್ಣದು, ಆದರೆ ಮಾಡೋದು ಸುಲಭ ಅಲ್ಲ. ಎಲ್ಲ ಗೋಲಿಯೂ ಒಂದೇ ಅಳತೆ ಇರಬೇಕು, ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಭಾರವೆಲ್ಲ ಒಂದೇ ಗೋಲಿಯ ಮೇಲೆ ಬಿದ್ದು ಬೇರಿಂಗ್ ಒಡೆಯುತ್ತದೆ. ಉಕ್ಕಿನ ಗೋಲಿಗಳನ್ನು ಹೀಗೆ ಒಂದೇ ಸಮನೆ ದುಂಡಗೆ ಉಜ್ಜುವ ಮಷಿನ್ ಅನ್ನು 1883ರಲ್ಲಿ ಫ್ರೀಡ್ರಿಶ್ ಫಿಶರ್ ಎಂಬಾತ ಮಾಡಿದ್ದು ಇದೇ ಶ್ವೈನ್‌ಫುರ್ಟ್‌ನಲ್ಲಿ. ಅಲ್ಲಿಂದ ಆ ಊರು ಬೇರಿಂಗ್ ಊರಾಯಿತು. ಯುದ್ಧದ ಹೊತ್ತಿಗೆ ಜರ್ಮನಿಯ ಬೇರಿಂಗ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಈ ಒಂದು ಸಣ್ಣ ಊರಿನಿಂದಲೇ ಬರುತ್ತಿತ್ತು. ನಮ್ಮ ಆಟೋಮೊಬೈಲ್ ಅಂಗಡಿಗಳಲ್ಲಿ ಎಫ್‌ಎಜಿ, ಎಸ್‌ಕೆಎಫ್ ಅಂತ ಬರೆದ ಬೇರಿಂಗ್ ಡಬ್ಬಿ ನೋಡಿರುತ್ತೀರಿ. ಎಫ್‌ಎಜಿ ಫಿಶರ್‌ನ ಕಂಪನಿ. ಎಸ್‌ಕೆಎಫ್ ಸ್ವೀಡನ್ನಿನದು, ಅದರ ಜರ್ಮನ್ ಅಂಗಸಂಸ್ಥೆಯ ಕಾರ್ಖಾನೆಯೂ ಶ್ವೈನ್‌ಫುರ್ಟ್‌ನಲ್ಲೇ ಇತ್ತು. ಯುದ್ಧದಲ್ಲಿ ಯಾರ ಕಡೆಯೂ ಇಲ್ಲದ ದೇಶದ ಕಂಪನಿ, ಅದರ ಮೇಲೂ ಬಾಂಬು.

ಅಮೆರಿಕದ ಯೋಜನೆಗಾರರಿಗೆ ಇದಕ್ಕಿಂತ ಒಳ್ಳೆ ಗುರಿ ಇನ್ನೊಂದು ಕಾಣಲಿಲ್ಲ. ವಿಮಾನ ಕಾರ್ಖಾನೆ ಒಂದನ್ನು ಹೊಡೆದರೆ ಆ ಕಾರ್ಖಾನೆ ಮಾತ್ರ ನಿಲ್ಲುತ್ತದೆ. ಬೇರಿಂಗ್ ನಿಂತರೆ ಎಲ್ಲವೂ ನಿಲ್ಲುತ್ತದೆ. ಮನೆಯ ಎಲ್ಲ ನಲ್ಲಿಗಳನ್ನು ಒಂದೊಂದಾಗಿ ಮುಚ್ಚುವ ಬದಲು ಮೇನ್ ವಾಲ್ವ್ ತಿರುಗಿಸಿದ ಹಾಗೆ. ಕೇಳೋಕೆ ಎಷ್ಟು ಚೆನ್ನಾಗಿದೆ! ಇಷ್ಟು ಚೆನ್ನಾಗಿದೆ ಅನ್ನುವುದೇ ಅದರ ತೊಂದರೆ ಅಂತ ನನಗೆ ಅನಿಸುತ್ತದೆ, ಅದಕ್ಕೆ ಆಮೇಲೆ ಬರೋಣ.

ಯೋಜನೆ ಹೀಗಿತ್ತು. ಬಿ-17 ವಿಮಾನದಲ್ಲಿ ಹತ್ತು ಜನ, ಸುತ್ತ ಹತ್ತಕ್ಕೂ ಹೆಚ್ಚು ಮೆಷಿನ್ ಗನ್. ಇಂಥ ವಿಮಾನಗಳು ಒಂದರ ಮೇಲೊಂದು, ಒಂದರ ಪಕ್ಕ ಒಂದು ಒತ್ತಾಗಿ ಹಾರಿದರೆ ಯಾವ ದಿಕ್ಕಿನಿಂದ ಶತ್ರು ಬಂದರೂ ಹತ್ತಾರು ಗನ್ನುಗಳು ಅವನತ್ತ ತಿರುಗುತ್ತವೆ. ಹಾಗಾಗಿ ಬಾಂಬರ್‌ಗಳು ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ, ಬೆಂಗಾವಲಿಗೆ ಫೈಟರ್ ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದು ಅಮೆರಿಕದ ವಾಯುಪಡೆಯ ಸಿದ್ಧಾಂತ. ಸಿದ್ಧಾಂತ ಏನೇ ಇರಲಿ, ಬೇರೆ ದಾರಿಯೂ ಇರಲಿಲ್ಲ. ಇಂಗ್ಲೆಂಡಿನಿಂದ ಹೊರಟ ಪಿ-47 ಫೈಟರ್‌ಗಳ ಪೆಟ್ರೋಲು ಬೆಲ್ಜಿಯಂ-ಜರ್ಮನಿ ಗಡಿಯಲ್ಲಿರುವ ಓಯ್ಪನ್ ಊರಿನ ತನಕ ಸಾಕು. ಅಲ್ಲಿಂದ ಅವು ವಾಪಸ್ ತಿರುಗಲೇಬೇಕು. ಮುಂದಿನದು ಬಾಂಬರ್‌ಗಳ ಪಾಡು.

ಇದು ಗೊತ್ತಿದ್ದೇ ಒಂದು ಉಪಾಯ ಮಾಡಿದರು. ಮೊದಲ ಗುಂಪಿನ 146 ವಿಮಾನ ಕರ್ನಲ್ ಕರ್ಟಿಸ್ ಲೆಮೇ ನಾಯಕತ್ವದಲ್ಲಿ ರೇಗನ್ಸ್‌ಬುರ್ಗ್‌ಗೆ ಹೋಗುತ್ತದೆ. ಜರ್ಮನ್ ಫೈಟರ್‌ಗಳೆಲ್ಲ ಇದರ ಮೇಲೆ ಬೀಳುತ್ತವೆ. ಬಾಂಬ್ ಹಾಕಿದ ಮೇಲೆ ಈ ಗುಂಪು ವಾಪಸ್ ಬರುವುದೇ ಇಲ್ಲ, ಆಲ್ಪ್ಸ್ ದಾಟಿ ಸೀದಾ ಉತ್ತರ ಆಫ್ರಿಕಾದ ಅಲ್ಜೀರಿಯಾಕ್ಕೆ ಹೋಗಿ ಇಳಿಯುತ್ತದೆ. ಹತ್ತು-ಹದಿನೈದು ನಿಮಿಷ ಬಿಟ್ಟು ಅದರ ಹಿಂದೆಯೇ ಬ್ರಿಗೇಡಿಯರ್ ಜನರಲ್ ರಾಬರ್ಟ್ ವಿಲಿಯಮ್ಸ್ ನಾಯಕತ್ವದ 230 ವಿಮಾನಗಳ ಎರಡನೇ ಗುಂಪು ಶ್ವೈನ್‌ಫುರ್ಟ್‌ಗೆ. ಅಷ್ಟೊತ್ತಿಗೆ ಜರ್ಮನ್ ಫೈಟರ್‌ಗಳು ಪೆಟ್ರೋಲು, ಗುಂಡು ಮುಗಿಸಿಕೊಂಡು ನೆಲಕ್ಕೆ ಇಳಿದಿರುತ್ತವೆ. ಅವು ಮತ್ತೆ ಏಳುವಷ್ಟರಲ್ಲಿ ಎರಡನೇ ಗುಂಪು ಒಳಗೆ ನುಗ್ಗಿರುತ್ತದೆ.

ಗಮನಿಸಿ, ಇಡೀ ಉಪಾಯ ನಿಂತಿರುವುದು ಆ ಹತ್ತು-ಹದಿನೈದು ನಿಮಿಷದ ಮೇಲೆ.

ಆ ದಿನ ಬೆಳಿಗ್ಗೆ ಇಂಗ್ಲೆಂಡಿನಲ್ಲಿ ಮಂಜು. ಎಂಥ ಮಂಜು ಅಂದರೆ ವಿಮಾನಗಳು ನಿಂತ ಜಾಗದಿಂದ ರನ್‌ವೇಗೆ ಹೋಗುವುದೇ ಕಷ್ಟ. ಲೆಮೇ ತನ್ನ ಪೈಲಟ್‌ಗಳಿಗೆ ಹೊರಗೆ ನೋಡದೆ, ಬರೀ ಮೀಟರುಗಳನ್ನು ನೋಡಿಕೊಂಡು ಏರುವ ಅಭ್ಯಾಸವನ್ನು ಮುಂಚಿನಿಂದಲೇ ಮಾಡಿಸಿದ್ದ. ಹಾಗಾಗಿ ಒಂದೂವರೆ ಗಂಟೆ ತಡವಾದರೂ ಆ ಗುಂಪು ಎದ್ದಿತು. ಇನ್ನೂ ಕಾಯೋಣ ಅಂದರೆ ಆಫ್ರಿಕಾ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ, ಗೊತ್ತಿಲ್ಲದ ನೆಲದಲ್ಲಿ ಕತ್ತಲಲ್ಲಿ ಇಳಿಯುವ ಹಾಗಿಲ್ಲ. ಎರಡನೇ ಗುಂಪಿಗೆ ಆ ಅಭ್ಯಾಸ ಇರಲಿಲ್ಲ. ಅವರು ಮಂಜು ಕರಗುವ ತನಕ ಕೂತರು. ಹದಿನೈದು ನಿಮಿಷದ ಅಂತರ ಮೂರು ಗಂಟೆ ದಾಟಿತು.

ಇಲ್ಲಿ ದಾಳಿಯನ್ನೇ ರದ್ದು ಮಾಡಬಹುದಿತ್ತು, ಅಥವಾ ರೇಗನ್ಸ್‌ಬುರ್ಗ್ ಒಂದಕ್ಕೇ ನಿಲ್ಲಿಸಬಹುದಿತ್ತು. ಮಾಡಲಿಲ್ಲ. ಹವಾಮಾನದ ಕಾರಣಕ್ಕೆ ಈ ದಾಳಿ ಅದಾಗಲೇ ಮುಂದೆ ಹೋಗಿತ್ತು, ಮೇಲಿನಿಂದ ಒತ್ತಡವೂ ಇತ್ತು. ಉಪಾಯದ ಮುಖ್ಯ ಕೀಲೇ ಕಳಚಿಬಿದ್ದ ಮೇಲೂ ಉಪಾಯವನ್ನು ಹಾಗೇ ನಡೆಸಿದ್ದು ನನ್ನ ಪ್ರಕಾರ ಆ ದಿನದ ದೊಡ್ಡ ತಪ್ಪು. ಮಂಜು ಯಾರ ಕೈಯಲ್ಲೂ ಇಲ್ಲ. ಇದು ಕೈಯಲ್ಲಿತ್ತು.

ಲೆಮೇ ಗುಂಪಿನ ಮೇಲೆ ಗಡಿಯ ಹತ್ತಿರದಿಂದಲೇ ದಾಳಿ ಶುರುವಾಯಿತು. ಜರ್ಮನ್ ಪೈಲಟ್‌ಗಳು ಅಷ್ಟೊತ್ತಿಗೆ ಬಿ-17ರ ದೌರ್ಬಲ್ಯ ಕಲಿತಿದ್ದರು. ಹಿಂದಿನಿಂದ ಬಂದರೆ ಗನ್ನುಗಳು ಜಾಸ್ತಿ, ಎದುರಿನಿಂದ ಬಂದರೆ ಕಮ್ಮಿ. ಹಾಗಾಗಿ ನೇರ ಮುಖಕ್ಕೇ ನುಗ್ಗುವುದು, ಕೆಲವು ಸೆಕೆಂಡು ಗುಂಡು ಹಾರಿಸಿ ಪಕ್ಕಕ್ಕೆ ಜಾರುವುದು. ಎದುರೆದುರು ಬರುವಾಗ ಎರಡರ ವೇಗವೂ ಸೇರುತ್ತದಲ್ಲ, ಗುರಿ ಇಡೋಕೆ ಇಬ್ಬರಿಗೂ ಕಣ್ಣು ಮಿಟುಕಿಸುವಷ್ಟೇ ಸಮಯ. ದೂರದಿಂದ ರಾಕೆಟ್ ಬಿಡುವುದೂ ಇತ್ತು. ಅದು ತಗುಲಲೇಬೇಕು ಅಂತೇನಿಲ್ಲ, ಗುಂಪು ಚದುರಿದರೆ ಸಾಕು. ಒತ್ತಾಗಿ ಹಾರುವ ವಿಮಾನ ಒಂಟಿಯಾದರೆ ಅದರ ಕತೆ ಮುಗಿದ ಹಾಗೆ.

ರೇಗನ್ಸ್‌ಬುರ್ಗ್ ಮುಟ್ಟಿದಾಗ ಮಾತ್ರ ಅದೃಷ್ಟ ಒಲಿಯಿತು. ಆಕಾಶ ತಿಳಿಯಾಗಿತ್ತು, ಕಾರ್ಖಾನೆ ಸ್ಪಷ್ಟವಾಗಿ ಕಾಣುತ್ತಿತ್ತು. ಬಾಂಬ್ ಹಾಕುವುದು ಅಂದರೆ ಗುರಿಯ ಮೇಲೆ ಬಂದು ಕೆಳಗೆ ಬಿಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಸುಮಾರು ಆರು ಕಿಲೋಮೀಟರ್ ಎತ್ತರದಿಂದ ಬಿಟ್ಟ ಬಾಂಬ್ ನೆಲ ಮುಟ್ಟೋಕೆ ಅರ್ಧ ನಿಮಿಷಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಅದು ವಿಮಾನದ ವೇಗದಲ್ಲೇ ಮುಂದಕ್ಕೂ ಹೋಗುತ್ತಿರುತ್ತದೆ. ಹಾಗಾಗಿ ಗುರಿಗೆ ಎರಡು-ಮೂರು ಕಿಲೋಮೀಟರ್ ಮುಂಚೆಯೇ ಬಿಡಬೇಕು, ನಡುವೆ ಗಾಳಿ ಎಷ್ಟು ತಳ್ಳುತ್ತದೆ ಅಂತ ಲೆಕ್ಕ ಹಾಕಬೇಕು. ಈ ಲೆಕ್ಕವನ್ನೆಲ್ಲ ಮಾಡೋಕೆ ನಾರ್ಡನ್ ಅನ್ನುವ ಯಂತ್ರ ಇತ್ತು, ಅಮೆರಿಕದವರಿಗೆ ಅದರ ಮೇಲೆ ಭಾರಿ ಹೆಮ್ಮೆ. ಆದರೆ ಆ ಯಂತ್ರ ಕೆಲಸ ಮಾಡಬೇಕಾದರೆ ಕೊನೆಯ ಕೆಲವು ನಿಮಿಷ ವಿಮಾನ ಅತ್ತಿತ್ತ ಅಲುಗಾಡದೆ, ಏರದೆ ಇಳಿಯದೆ, ಗೆರೆ ಎಳೆದ ಹಾಗೆ ನೇರವಾಗಿ ಹೋಗಬೇಕು. ಕೆಳಗಿನಿಂದ ಫಿರಂಗಿ, ಪಕ್ಕದಿಂದ ಫೈಟರ್, ಆದರೂ ಪೈಲಟ್ ಅಲ್ಲಾಡಬಾರದು. ಇನ್ನೂ ಒಂದು ವಿಷಯ: ಪ್ರತಿ ವಿಮಾನವೂ ತಾನೇ ಗುರಿ ಇಡುತ್ತಿರಲಿಲ್ಲ. ಮುಂದಿನ ವಿಮಾನ ಬಾಂಬ್ ಬಿಟ್ಟ ತಕ್ಷಣ ಗುಂಪಿನವರೆಲ್ಲ ಬಿಡುವುದು. ಗುಂಪು ಎಷ್ಟು ಅಗಲವೋ ಬಾಂಬೂ ಅಷ್ಟಗಲಕ್ಕೆ ಬೀಳುತ್ತದೆ. ಸೂಜಿಯಿಂದ ಚುಚ್ಚಿದ ಹಾಗೆ ಹೊಡೆಯುತ್ತೇವೆ ಅನ್ನುತ್ತಿದ್ದರು, ನಿಜವಾಗಿ ಅದು ಚಾಪೆ ಹಾಸಿದ ಹಾಗೆ.

ಆದರೂ ರೇಗನ್ಸ್‌ಬುರ್ಗ್‌ನಲ್ಲಿ 126 ವಿಮಾನಗಳು ಹಾಕಿದ ಸುಮಾರು 300 ಟನ್ ಬಾಂಬ್ ಚೆನ್ನಾಗಿಯೇ ಬಿತ್ತು. ಕಾರ್ಖಾನೆಯ ಕಟ್ಟಡಗಳೆಲ್ಲ ಪೆಟ್ಟು ತಿಂದವು, ಸುಮಾರು 400 ಜನ ಸತ್ತರು. ಅಲ್ಲಿಂದ ಲೆಮೇ ಗುಂಪು ದಕ್ಷಿಣಕ್ಕೆ ತಿರುಗಿತು. ವಾಪಸ್ ಬರುತ್ತಾರೆ ಅಂತ ಕಾಯುತ್ತಿದ್ದ ಜರ್ಮನ್ನರಿಗೆ ಇದು ನಿರೀಕ್ಷೆಯೇ ಇರಲಿಲ್ಲ, ಅಲ್ಲಿಗೆ ಬೆನ್ನಟ್ಟುವುದೂ ನಿಂತಿತು. ಪೆಟ್ಟು ತಿಂದ ಎರಡು ವಿಮಾನ ಸ್ವಿಟ್ಜರ್ಲೆಂಡಿನಲ್ಲಿ ಇಳಿದವು. ಒಟ್ಟು 24 ಹೋದವು. ಉಳಿದವು ಪೆಟ್ರೋಲಿನ ಕೊನೆಯ ಹನಿಯಲ್ಲಿ ಅಲ್ಜೀರಿಯಾ ಸೇರಿದರೆ ಅಲ್ಲಿ ರಿಪೇರಿಗೆ ಸರಿಯಾದ ವ್ಯವಸ್ಥೆಯೇ ಇಲ್ಲ. ಎಷ್ಟೋ ವಿಮಾನಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು.

ಈಗ ಎರಡನೇ ಗುಂಪು. ಮೂರು ಗಂಟೆಯ ಬಿಡುವಿನಲ್ಲಿ ಜರ್ಮನ್ ಪೈಲಟ್‌ಗಳು ಇಳಿದು, ಊಟ ಮಾಡಿ, ಪೆಟ್ರೋಲು-ಗುಂಡು ತುಂಬಿಸಿಕೊಂಡು ಕೂತಿದ್ದರು. ಅದೂ ಸಾಲದು ಅಂತ ದೂರದ ನೆಲೆಗಳಿಂದ ಇನ್ನಷ್ಟು ಫೈಟರ್ ತರಿಸಿಕೊಂಡಿದ್ದರು. ಸುಮಾರು 300 ಫೈಟರ್‌ಗಳು ಎದುರಾದವು ಅನ್ನುತ್ತಾರೆ. ಶತ್ರುವಿಗೆ ಬಿಡುವು ಸಿಗಬಾರದು ಅಂತ ಮಾಡಿದ ಉಪಾಯ ಕೊನೆಗೆ ಶತ್ರುವಿಗೆ ಎರಡು ಇನ್ನಿಂಗ್ಸ್ ಆಡೋಕೆ ಬಿಟ್ಟಿತು. ಶ್ವೈನ್‌ಫುರ್ಟ್‌ಗೆ ಮುಟ್ಟಿ ಬಾಂಬ್ ಹಾಕಿದ್ದು 183 ವಿಮಾನ. ಮೊದಲು ಬಿದ್ದ ಬಾಂಬಿನ ಹೊಗೆಯಲ್ಲಿ ಹಿಂದಿನವರಿಗೆ ಗುರಿ ಕಾಣಲಿಲ್ಲ, ಬಾಂಬುಗಳು ಊರಿನ ತುಂಬ ಚದುರಿದವು. ಊರಿನಲ್ಲಿ ಸುಮಾರು 200 ಜನ ಸತ್ತರು. ಈ ಗುಂಪಿನಲ್ಲಿ 36 ವಿಮಾನ ಹೋದವು.

ಎರಡೂ ಸೇರಿ 60. ಜೊತೆಗೆ 550ಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ, ಅವರಲ್ಲಿ ಸುಮಾರು ಅರ್ಧದಷ್ಟು ಜನ ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆಯಾದವರು. 376ರಲ್ಲಿ 60 ಅಂದರೆ ನೂರಕ್ಕೆ 16. ಆ ಕಾಲದಲ್ಲಿ ಬಾಂಬರ್ ಸಿಬ್ಬಂದಿ 25 ಸಲ ಹಾರಿದರೆ ಮನೆಗೆ ಕಳಿಸುತ್ತಿದ್ದರು. ಪ್ರತಿ ಸಲವೂ ನೂರಕ್ಕೆ 16 ಹೋದರೆ 25 ಮುಗಿಸಿ ಮನೆ ಸೇರುವವರು ನೂರಕ್ಕೆ ಒಬ್ಬರೋ ಇಬ್ಬರೋ. ಕ್ಯಾಲ್ಕುಲೇಟರ್ ತಗೊಂಡು ನೀವೇ ಗುಣಿಸಿ ನೋಡಿ.

ಅಮೆರಿಕದ ಗನ್ನರ್‌ಗಳು ತಾವು ಹೊಡೆದುರುಳಿಸಿದ್ದು 288 ಜರ್ಮನ್ ಫೈಟರ್ ಅಂದರು. ಜರ್ಮನ್ನರ ದಾಖಲೆಯ ಪ್ರಕಾರ ಅದು ಐವತ್ತನ್ನೂ ಮುಟ್ಟಿರಲಿಲ್ಲ. ಹುಡುಗರು ಸುಳ್ಳು ಹೇಳಿದರು ಅಂತಲ್ಲ. ಒಂದು ಫೈಟರ್ ಮೇಲೆ ಹತ್ತು ಗನ್ನು ಗುಂಡು ಹಾರಿಸುತ್ತಿರುತ್ತವೆ, ಅದು ಹೊಗೆ ಬಿಡುತ್ತಾ ಕೆಳಗೆ ಹೋದರೆ ಹತ್ತೂ ಜನ 'ನಾನೇ ಹೊಡೆದೆ' ಅಂದುಕೊಳ್ಳುತ್ತಾರೆ. ತೊಂದರೆ ಏನಪ್ಪಾ ಅಂದರೆ ಮೇಲಿನವರು ಈ ಲೆಕ್ಕವನ್ನು ನಂಬಿದರು. 60 ಕೊಟ್ಟು 288 ತೆಗೆದೆವು ಅನ್ನುವುದಾದರೆ ಅದು ಲಾಭದ ವ್ಯಾಪಾರ ಅಲ್ವಾ?

ಜರ್ಮನಿ ಕಡೆಯೂ ಯಾರೂ ಸಂಭ್ರಮಿಸುವ ಸ್ಥಿತಿಯಲ್ಲಿರಲಿಲ್ಲ. ಅದೇ ರಾತ್ರಿ ಬ್ರಿಟನ್ನಿನ ಸುಮಾರು 600 ಬಾಂಬರ್‌ಗಳು ಪೇನೆಮ್ಯುಂಡೆಯ ರಾಕೆಟ್ ಸಂಶೋಧನಾ ಕೇಂದ್ರದ ಮೇಲೆ ಎರಗಿದವು. ಬೆಳಗಾದ ಮೇಲೆ ಜರ್ಮನ್ ವಾಯುಪಡೆಯ ಮುಖ್ಯ ಸೇನಾಧಿಕಾರಿ ಹಾನ್ಸ್ ಯೆಶೊನೆಕ್ ತನಗೆ ತಾನೇ ಗುಂಡು ಹೊಡೆದುಕೊಂಡ.

ಸರಿ, ಬೇರಿಂಗ್ ಏನಾಯಿತು? ಉತ್ಪಾದನೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು ಅಂತ ಜರ್ಮನಿಯ ಶಸ್ತ್ರಾಸ್ತ್ರ ಮಂತ್ರಿ ಆಲ್ಬರ್ಟ್ ಶ್ಪೇರ್ ಆಮೇಲೆ ಹೇಳಿದ. ಮತ್ತೆ ತಕ್ಷಣ ಹೊಡೆಯಬೇಕಿತ್ತು. ಆದರೆ ಅಷ್ಟು ವಿಮಾನ ಕಳೆದುಕೊಂಡವರಿಗೆ ಸುಧಾರಿಸಿಕೊಳ್ಳೋಕೆ ಸಮಯ ಬೇಕಾಯಿತು. ಎರಡನೇ ಸಲ ಹೋಗಿದ್ದು ಅಕ್ಟೋಬರ್ 14ಕ್ಕೆ, 291 ವಿಮಾನ. ಮತ್ತೆ 60 ವಾಪಸ್ ಬರಲಿಲ್ಲ. ಆ ಗುರುವಾರವನ್ನು ಅಮೆರಿಕದ ವಾಯುಪಡೆಯಲ್ಲಿ ಇವತ್ತಿಗೂ ಕರಾಳ ಗುರುವಾರ ಅನ್ನುತ್ತಾರೆ. ಬಾಂಬ್ ಮೊದಲಿಗಿಂತ ಚೆನ್ನಾಗಿ ಬಿದ್ದಿತ್ತು, ಉತ್ಪಾದನೆ ಮೂರನೇ ಎರಡರಷ್ಟು ಕುಸಿಯಿತು ಅಂತ ಶ್ಪೇರ್ ಲೆಕ್ಕ. ಮೂರನೇ ಸಲ ಹೋಗುವ ಶಕ್ತಿ ಮಾತ್ರ ಉಳಿದಿರಲಿಲ್ಲ. ಬೆಂಗಾವಲು ಇಲ್ಲದೆ ಜರ್ಮನಿಯ ಒಳಕ್ಕೆ ಹೋಗುವುದನ್ನೇ ನಿಲ್ಲಿಸಿದರು.

ಹೀಗೇ ಹೊಡೆಯುತ್ತಾ ಹೋಗಿದ್ದರೆ ನಾಲ್ಕು ತಿಂಗಳಲ್ಲಿ ನಮ್ಮ ಶಸ್ತ್ರಾಸ್ತ್ರ ಉತ್ಪಾದನೆ ಪೂರ್ತಿ ನಿಲ್ಲುತ್ತಿತ್ತು ಅಂತ ಶ್ಪೇರ್ ಯುದ್ಧ ಮುಗಿದ ಮೇಲೆ ಹೇಳಿದ. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ, ತನ್ನನ್ನು ತಾನು ಚೆನ್ನಾಗಿ ತೋರಿಸಿಕೊಳ್ಳುವುದರಲ್ಲಿ ಆತ ನಿಪುಣ. ಯುದ್ಧದ ಕೊನೆಗೆ ಅಮೆರಿಕದವರೇ ಬಾಂಬ್ ದಾಳಿಗಳ ಪರಿಣಾಮ ಅಳೆಯಲು ದೊಡ್ಡ ಸಮೀಕ್ಷೆ ಮಾಡಿಸಿದರು. ಅದರ ಆರ್ಥಿಕ ವಿಭಾಗದ ಮುಖ್ಯಸ್ಥ ಜಾನ್ ಕೆನೆತ್ ಗಾಲ್ಬ್ರೈತ್, 1960ರ ದಶಕದ ಶುರುವಿನಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರು. ಬೇರಿಂಗ್ ದಾಳಿಯಿಂದ ಜರ್ಮನಿಯ ಮುಖ್ಯ ಯುದ್ಧ ಉತ್ಪಾದನೆಗೆ ಅಳೆಯುವಂಥ ಹೊಡೆತ ಬಿದ್ದ ಪುರಾವೆ ಇಲ್ಲ ಅಂತ ಆ ಸಮೀಕ್ಷೆ ಹೇಳಿತು.

ಯಾಕೆ ಹೀಗೆ? ಯೋಜನೆಗಾರರು ಜರ್ಮನಿಯನ್ನು ಕೈಯಲ್ಲಿ ಏನೂ ಮಿಗಿಸಿಕೊಳ್ಳದೆ ಸದಾ ಪೂರ್ತಿ ವೇಗದಲ್ಲಿ ಓಡುವ ಯಂತ್ರ ಅಂದುಕೊಂಡಿದ್ದರು. ಆದರೆ ಅಲ್ಲಿನ ಕಾರ್ಖಾನೆಗಳಲ್ಲಿ ತಿಂಗಳುಗಟ್ಟಲೆಗೆ ಸಾಕಾಗುವಷ್ಟು ಬೇರಿಂಗ್ ಗೋದಾಮಿನಲ್ಲಿ ಬಿದ್ದಿತ್ತು. ಇಂಜಿನಿಯರ್‌ಗಳು ಕೂತು ನೋಡಿದರೆ ಎಷ್ಟೋ ಕಡೆ ಬಾಲ್ ಬೇರಿಂಗ್ ಬೇಕೇ ಇರಲಿಲ್ಲ, ಅಭ್ಯಾಸಕ್ಕೆ ಹಾಕುತ್ತಿದ್ದರು. ಅಲ್ಲೆಲ್ಲ ಗೋಲಿ ಇಲ್ಲದ ಸಾದಾ ಬುಷ್ ಹಾಕಿದರು. ಸ್ವೀಡನ್ನಿನಿಂದಲೂ ಬೇರಿಂಗ್ ಬರುತ್ತಿತ್ತು. ತಮಾಷೆ ಅಂದರೆ ಬ್ರಿಟನ್ನಿಗೂ ಸ್ವೀಡನ್ ಬೇರಿಂಗೇ ಬೇಕಿತ್ತು, ಮರದಿಂದ ಮಾಡಿದ ವೇಗದ ಮಾಸ್ಕಿಟೊ ವಿಮಾನಗಳಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿ ತರಿಸಿಕೊಳ್ಳುತ್ತಿದ್ದರು. ಒಂದೇ ದೇಶದ ಕೌಂಟರಿನಲ್ಲಿ ಇಬ್ಬರೂ ಗಿರಾಕಿ.

ವಿಮಾನ ಕಾರ್ಖಾನೆಗಳದ್ದೂ ಹೆಚ್ಚುಕಮ್ಮಿ ಇದೇ ಕತೆ. ಮೇಲಿನಿಂದ ತೆಗೆದ ಫೋಟೋದಲ್ಲಿ ಚಾವಣಿ ಹಾರಿಹೋಗಿ, ಗೋಡೆ ಕುಸಿದಿರುವುದು ಕಾಣುತ್ತದೆ. ಅವಶೇಷದ ಕೆಳಗಿರುವ ಲೇತು, ಗ್ರೈಂಡಿಂಗ್ ಮಷಿನ್ ಕಾಣುವುದಿಲ್ಲ. ಇವು ಟನ್‌ಗಟ್ಟಲೆ ತೂಕದ ಎರಕದ ಕಬ್ಬಿಣ, ಆಗ ಹಾಕುತ್ತಿದ್ದ 500 ಪೌಂಡ್ ಬಾಂಬಿಗೆ ಕಟ್ಟಡ ಬೀಳುತ್ತಿತ್ತು, ಮಷಿನ್ ಅಷ್ಟು ಸುಲಭಕ್ಕೆ ಸಾಯುತ್ತಿರಲಿಲ್ಲ. ಇಟ್ಟಿಗೆ ಸರಿಸಿ, ಧೂಳು ಒರೆಸಿ, ಬೇರೆ ಕಡೆ ಸಾಗಿಸಿದರೆ ಮತ್ತೆ ಕೆಲಸ ಶುರು. 1944ರಲ್ಲಿ ಫೈಟರ್ ಉತ್ಪಾದನೆಗೇ ಒಂದು ವಿಶೇಷ ಸಮಿತಿ ಮಾಡಿ, 27 ದೊಡ್ಡ ಕಾರ್ಖಾನೆಗಳ ಕೆಲಸವನ್ನು 700ಕ್ಕೂ ಹೆಚ್ಚು ಸಣ್ಣ ಜಾಗಗಳಿಗೆ ಚದುರಿಸುವ ಯೋಜನೆ ಹಾಕಿದರು. ಕಾಡಿನ ಶೆಡ್ಡು, ಸುರಂಗ, ಗಣಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ರೇಗನ್ಸ್‌ಬುರ್ಗ್ ಕಾರ್ಖಾನೆಯ ಒಂದಷ್ಟು ಕೆಲಸ ಫ್ಲಾಸೆನ್‌ಬುರ್ಗ್ ಮತ್ತು ಗೂಸೆನ್ ಯಾತನಾ ಶಿಬಿರಗಳಿಗೆ ಹೋಯಿತು. ಅಲ್ಲಿನ ಸಾವಿರಾರು ಕೈದಿಗಳಿಂದ, ಹೊಟ್ಟೆಗಿಲ್ಲದೆ ಸಾಯುತ್ತಿದ್ದವರಿಂದ, ಫೈಟರ್ ಭಾಗಗಳನ್ನು ಮಾಡಿಸಿದರು. 40 ಸಾವಿರ ವಿಮಾನ ಅನ್ನುವ ಆ ಲೆಕ್ಕದ ಒಳಗೆ ಇದೂ ಇದೆ. ಜರ್ಮನ್ ಸಂಘಟನಾ ಶಕ್ತಿ ಅಂತ ಹೊಗಳುವವರು ಸಾಮಾನ್ಯವಾಗಿ ಈ ಸಾಲನ್ನು ಬಿಟ್ಟುಬಿಡುತ್ತಾರೆ.

ಚದುರಿಸುವ ಈ ಕೆಲಸ ಫೋಕೆ-ವುಲ್ಫ್ ಕಂಪನಿ ಇನ್ನೂ ಮುಂಚೆಯೇ ಮಾಡಿತ್ತು. 1943ರ ಏಪ್ರಿಲ್ 17ರಂದು ಅಮೆರಿಕದವರು ಬ್ರೆಮನ್ ಊರಿನ ಅದರ ಕಾರ್ಖಾನೆಗೆ ಹೊಡೆದು 16 ವಿಮಾನ ಕಳೆದುಕೊಂಡರು, ಆಮೇಲೆ ಗೊತ್ತಾಗಿದ್ದು ಉತ್ಪಾದನೆಯ ಬಹುಪಾಲು ಆಗಲೇ ಪೂರ್ವದ ಮಾರಿಯನ್‌ಬುರ್ಗ್‌ಗೆ ಹೋಗಿದೆ ಅಂತ. ಆ ಕಂಪನಿಯ ಮುಖ್ಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್. ಬೆಂಗಳೂರಿನವರಿಗೆ ಈ ಹೆಸರು ಗೊತ್ತಿರಬೇಕು: 1956ರಲ್ಲಿ ನಮ್ಮ ಎಚ್‌ಎಎಲ್‌ಗೆ ಬಂದು ಎಚ್‌ಎಫ್-24 ಮಾರುತ್ ವಿಮಾನವನ್ನು ವಿನ್ಯಾಸ ಮಾಡಿದ್ದು ಇವರೇ.

ಹಾಗಾದರೆ ಆಕಾಶ ಖಾಲಿಯಾಗಿದ್ದು ಹೇಗೆ? ಉತ್ತರ ಶುರುವಾಗುವುದು ಒಂದು ಕಾಗದದ ಡಬ್ಬಿಯಿಂದ. ತಮಾಷೆ ಅಲ್ಲ. ಫೈಟರ್ ವಿಮಾನ ಇನ್ನೂ ದೂರ ಹೋಗಬೇಕಾದರೆ ಅದರ ಹೊಟ್ಟೆಗೋ ರೆಕ್ಕೆಗೋ ಹೊರಗಿನಿಂದ ಪೆಟ್ರೋಲ್ ಟ್ಯಾಂಕ್ ಕಟ್ಟಬೇಕು, ಹೋಗುವಾಗ ಅದರ ಪೆಟ್ರೋಲ್ ಬಳಸಿ, ಜಗಳ ಶುರುವಾದಾಗ ಟ್ಯಾಂಕನ್ನು ಬೀಳಿಸಿಬಿಡಬೇಕು. ಬ್ರಿಟನ್ನಿನಲ್ಲಿ ಇದನ್ನು ಅಂಟು ಹಾಕಿ ಗಟ್ಟಿ ಮಾಡಿದ ಕಾಗದದಿಂದ ತಯಾರಿಸಿದರು. ಹಗುರ, ಅಗ್ಗ, ಬಿದ್ದರೂ ಶತ್ರುವಿಗೆ ಒಂದು ಚೂರು ಲೋಹ ಸಿಗುವುದಿಲ್ಲ. ಇದರ ಜೊತೆಗೆ 1943ರ ಡಿಸೆಂಬರಿನಲ್ಲಿ ಪಿ-51 ಮಸ್ಟಾಂಗ್ ಬಂತು. ಅಮೆರಿಕದ ಮೈ, ಬ್ರಿಟನ್ನಿನ ರೋಲ್ಸ್-ರಾಯ್ಸ್ ವಿನ್ಯಾಸದ ಮರ್ಲಿನ್ ಎಂಜಿನ್. ಪೈಲಟ್ ಹಿಂದೆ ಒಂದು ಟ್ಯಾಂಕ್, ರೆಕ್ಕೆ ಕೆಳಗೆ ಎರಡು. ಮುಂದಿನ ಮಾರ್ಚ್ ಹೊತ್ತಿಗೆ ಇದು ಬರ್ಲಿನ್ ತನಕ ಹೋಗಿ ಬರುತ್ತಿತ್ತು.

1944ರ ಜನವರಿಯಲ್ಲಿ 8ನೇ ವಾಯುಪಡೆಗೆ ಹೊಸ ಮುಖ್ಯಸ್ಥನಾಗಿ ಬಂದ ಜಿಮ್ಮಿ ಡೂಲಿಟಲ್ ಇನ್ನೊಂದು ಬದಲಾವಣೆ ಮಾಡಿದ. ಅಲ್ಲಿಯ ತನಕ ಫೈಟರ್‌ಗಳಿಗೆ ಬಾಂಬರ್‌ಗಳ ಪಕ್ಕ ಬಿಟ್ಟು ಹೋಗಬೇಡಿ ಅನ್ನುವ ಆದೇಶ ಇತ್ತು. ಈತ ಅದನ್ನು ತಿರುಗಿಸಿದ: ಹೋಗಿ, ಜರ್ಮನ್ ಫೈಟರ್ ಎಲ್ಲಿದೆಯೋ ಅಲ್ಲಿ ಹುಡುಕಿ ಹೊಡೆಯಿರಿ, ಏರುವಾಗ ಹೊಡೆಯಿರಿ, ಇಳಿಯುವಾಗ ಹೊಡೆಯಿರಿ. ಬಾಂಬರ್ ಸಿಬ್ಬಂದಿಗೆ ಇದು ಹಿಡಿಸಲಿಲ್ಲ. ಹಿಡಿಸುವುದಾದರೂ ಹೇಗೆ? ಮೀನು ಹಿಡಿಯೋಕೆ ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಾರಲ್ಲ, ಈಗ ಬಾಂಬರ್‌ಗಳೇ ಆ ಎರೆಹುಳ. ಕಾರ್ಖಾನೆಗೆ ಬಾಂಬ್ ಹಾಕೋಕೆ ಬಂದರೆ ಜರ್ಮನ್ ಫೈಟರ್‌ಗಳು ಎದ್ದು ಬರಲೇಬೇಕು, ಸುಮ್ನೆ ಕೂತು ನೋಡುವ ಹಾಗಿಲ್ಲ. ಎದ್ದು ಬಂದವರನ್ನು ಮಸ್ಟಾಂಗ್ ನೋಡಿಕೊಳ್ಳುತ್ತದೆ.

1944ರ ಫೆಬ್ರವರಿ 20ರಿಂದ 25ರ ತನಕ ಇದೇ ನಡೆಯಿತು. ಲೈಪ್‌ಜಿಗ್, ಗೋಥಾ, ಔಗ್ಸ್‌ಬುರ್ಗ್, ಮತ್ತೆ ರೇಗನ್ಸ್‌ಬುರ್ಗ್, ಮತ್ತೆ ಶ್ವೈನ್‌ಫುರ್ಟ್. ಮೊದಲ ದಿನವೇ ಸುಮಾರು 1,000 ಬಾಂಬರ್ ಹೊರಟವು, ಕಳೆದುಕೊಂಡಿದ್ದು 21. ಹಿಂದಿನ ಆಗಸ್ಟ್‌ನ 376ಕ್ಕೆ 60ರ ಪಕ್ಕ ಇದನ್ನಿಟ್ಟು ನೋಡಿ. ವಾರ ಮುಗಿಯುವಾಗ ಅಮೆರಿಕದ 226 ಬಾಂಬರ್ ಹೋಗಿದ್ದವು, ಅದೇನು ಕಮ್ಮಿ ಅಲ್ಲ. ಹ್ಯಾರಿಸ್ ಕೂಡ ಕೊನೆಗೂ ಒಪ್ಪಿ ಒಂದು ರಾತ್ರಿ 734 ವಿಮಾನಗಳನ್ನು ಶ್ವೈನ್‌ಫುರ್ಟ್‌ಗೆ ಕಳಿಸಿದ. ಕಾರ್ಖಾನೆಗಳು ಎಂದಿನಂತೆ ಕೆಲವು ವಾರದಲ್ಲಿ ಎದ್ದು ನಿಂತವು. ಆದರೆ ಆ ವಾರದಲ್ಲಿ ಸತ್ತ ನೂರರಷ್ಟು ಜರ್ಮನ್ ಫೈಟರ್ ಪೈಲಟ್‌ಗಳು ಏಳಲಿಲ್ಲ.

ವಿಮಾನವನ್ನು ಶೆಡ್ಡಿನಲ್ಲಿ ಮಾಡಬಹುದು. ಅನುಭವಿ ಪೈಲಟ್‌ನನ್ನು ಮಾಡೋಕೆ ವರ್ಷಗಳು ಬೇಕು. 1944ರ ಜನವರಿಯಿಂದ ಮೇ ತನಕ ಜರ್ಮನಿಯ ಹಗಲು ಫೈಟರ್ ಪಡೆಯಲ್ಲಿ ಸರಾಸರಿ ಇದ್ದ ಪೈಲಟ್‌ಗಳು 2,283. ಅದೇ ಐದು ತಿಂಗಳಲ್ಲಿ ಕಳೆದುಕೊಂಡದ್ದು 2,262. ಒಂದು ಇಡೀ ಪಡೆ ಹೋಗಿ ಹೊಸ ಪಡೆ ಬಂದ ಹಾಗೆ. ಬಂದವರು ಎಂಥವರು? ತರಬೇತಿಯಲ್ಲಿ ಹಾರಿದ ಗಂಟೆಗಳು ಎದುರಾಳಿಯ ಅರ್ಧಕ್ಕೂ ಕಮ್ಮಿ ಇದ್ದ ಹುಡುಗರು. ಅವರು ಬೇಗ ಸಾಯುತ್ತಿದ್ದರು, ಅವರ ಜಾಗಕ್ಕೆ ಇನ್ನೂ ಕಮ್ಮಿ ಕಲಿತವರು ಬರುತ್ತಿದ್ದರು.

ಮೇ 12ರಿಂದ ಅಮೆರಿಕದವರು ಕಲ್ಲಿದ್ದಲಿನಿಂದ ಪೆಟ್ರೋಲು ತೆಗೆಯುವ ಘಟಕಗಳ ಮೇಲೆ ಶುರು ಹಚ್ಚಿಕೊಂಡರು. ಹುಡುಕುತ್ತಿದ್ದ ಮೇನ್ ವಾಲ್ವ್ ಸಿಕ್ಕಿದ್ದು ಇಲ್ಲಿ. ಬೇರಿಂಗ್ ಹಾಗೆ ಪೆಟ್ರೋಲನ್ನು ಗೋದಾಮಿನಲ್ಲಿ ಗುಡ್ಡೆ ಹಾಕಿ ಇಟ್ಟಿರಲಿಲ್ಲ, ಬದಲಿಗೆ ಬುಷ್ ಹಾಕೋಕೂ ಆಗುವುದಿಲ್ಲ, ಕಿಲೋಮೀಟರುಗಟ್ಟಲೆ ಪೈಪು ಇರುವ ಘಟಕವನ್ನು ಕಾಡಿನ ಶೆಡ್ಡಿಗೆ ಸಾಗಿಸೋಕಂತೂ ಇಲ್ಲವೇ ಇಲ್ಲ. ಏಪ್ರಿಲ್‌ನಲ್ಲಿ 1,75,000 ಟನ್ ಇದ್ದ ವಿಮಾನ ಪೆಟ್ರೋಲಿನ ಉತ್ಪಾದನೆ ಜುಲೈಗೆ 30,000, ಸೆಪ್ಟೆಂಬರಿಗೆ 5,000 ಟನ್‌ಗೆ ಇಳಿಯಿತು. ತರಬೇತಿಗೂ ಪೆಟ್ರೋಲಿಲ್ಲ, ಹೊಸ ವಿಮಾನವನ್ನು ಪರೀಕ್ಷೆ ಮಾಡೋಕೂ ಇಲ್ಲ. ಹೊಸ ಫೈಟರ್‌ಗಳು ಬಣ್ಣ ಆರುವ ಮುಂಚೆಯೇ ಮರಗಳ ಕೆಳಗೆ ಸಾಲಾಗಿ ನಿಂತವು. ಯುದ್ಧದ ಕೊನೆಯ ತಿಂಗಳುಗಳಲ್ಲಿ, ಜಗತ್ತಿನ ಅತಿ ವೇಗದ ಜೆಟ್ ಫೈಟರ್ ಮೆಸ್ಸರ್‌ಶ್ಮಿಟ್ 262 ರನ್‌ವೇ ತುದಿಗೆ ಹೋಗುವಷ್ಟು ಎಣ್ಣೆಯನ್ನೂ ಉಳಿಸಬೇಕಾಗಿ ಬಂತು. ಎತ್ತು ಹೂಡಿ ಎಳೆಸಿದರು.